ಸದ್ಯದ ಉಪಾಯ

ಮಸೀದಿ ಬಂದರಿನ ಮೂರನೇ ಮಹಡಿ. ಕೆಳಗೆಲ್ಲ ಮೆಣಸಿನ ಗೋದಾಮು.
ಏಸಿ ಎಷ್ಟು ಜೋರಿದ್ದರೂ ಘಾಟು ಬರುತ್ತದೆ,
ಸೀನುತ್ತಲೇ ಓದುತ್ತೇನೆ
ಕಾರ್ಖಾನೀಸರು ಕೆಲಸ ಬಿಡುವಾಗ ಕೊಟ್ಟ ಪಟ್ಟಿ:
ಗೊತ್ತಿರುವ ತೊಂದರೆಗಳು, ನಲವತ್ತೊಂದು.
ಒಂದಕ್ಕೂ ಮದ್ದಿಲ್ಲ. ಎಲ್ಲಕ್ಕೂ ಉಪಾಯವಿದೆ.

ನಮ್ಮವು ಎರಡು ಸರ್ವರು, ಒಂದೇ ಡಿಸ್ಕು.
ಒಂದು ಬಿದ್ದರೆ ಇನ್ನೊಂದು
ಅದರ ಹೆಸರು, ವಿಳಾಸ, ಅರ್ಧಕ್ಕೆ ನಿಂತ ಕೆಲಸ
ಹೊತ್ತುಕೊಂಡು ನಡೆಯಬೇಕೆಂದು ಕರಾರು.
ಅದಕ್ಕೇ ಸೆಕೆಂಡಿಗೊಮ್ಮೆ ನಡುವಿನ ತಂತಿಯಲ್ಲಿ
ಇದ್ದೀಯಾ?
ಇದ್ದೇನೆ.
ಇದ್ದೀಯಾ?

ಮಾರ್ಚಿನಲ್ಲಿ ಆ ತಂತಿಯನ್ನು ಹೆಗ್ಗಣ ಕಡಿಯಿತು.
ಮಾತು ನಿಂತದ್ದೇ ತಡ, ಆಚೆಯದು ಸತ್ತಿತೆಂದು
ಎರಡಕ್ಕೂ ಖಾತ್ರಿ.
ಎತ್ತು ಏರಿಗೆ, ಕೋಣ ನೀರಿಗೆ.
ಬೆಳಗ್ಗೆ ನೋಡಿದರೆ ಗಾಲಾ ಸೇಠರ
ಇನ್ನೂರು ಚೀಲ ಬ್ಯಾಡಗಿ
ಇಬ್ಬರಿಗೆ ಮಾರಾಟವಾಗಿತ್ತು.
ಡಿಸ್ಕಿನವರು ನೆಟ್‌ವರ್ಕಿನವರ ತಟ್ಟೆಯ ನೊಣ ಎಣಿಸಿದರು,
ನೆಟ್‌ವರ್ಕಿನವರು ನಮ್ಮ ತಟ್ಟೆಯದು.
ಹೆಗ್ಗಣ ಯಾರ ತಟ್ಟೆಯದೋ
ಮೀಟಿಂಗಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಕಾರ್ಖಾನೀಸ್, ಹದಿನೇಳನೆಯ ಉಪಾಯ:
ಅನುಮಾನ ಬಂದ ಕೂಡಲೇ ಒಂದರ ಕರೆಂಟು ಕೀಳು.
ನಿಜವಾದದ್ದು ಯಾವುದೆಂದು ವಿಚಾರಣೆ ನಡೆಸಬೇಡ.

ಇವತ್ತಿನದು ಸಣ್ಣದು, ಇಪ್ಪತ್ತಾರು.
ದಿನದ ಖಾತೆ ತೆರೆಯುತ್ತಿಲ್ಲ.
ಸುಲಭಾ ತಾಂಡೇಲ್ ಬಳಸುತ್ತಿದ್ದಾರೆ, ಎನ್ನುತ್ತದೆ ಪರದೆ.
ಹೆಸರು ಮಾತ್ರ ಸುಲಭ.
ಅವಳು ಮೆಷೀನು ಮುಚ್ಚಿ, ಛತ್ರಿ ಮರೆತು,
ಏಳೂವರೆಯ ಲಾಂಚಿಗೆ ಭಾವೂಚಾ ಧಕ್ಕಾಕ್ಕೆ ಓಡಿ ಅರ್ಧ ಗಂಟೆ.
ಈಗ ಸಮುದ್ರದ ಮೇಲಿದ್ದಾಳೆ, ಮೋರಾದ ಕಡೆ,
ಅಲ್ಲಿ ಸಿಗ್ನಲ್ಲಿಲ್ಲ.
ಬೀಗ ಮಾತ್ರ ಇಲ್ಲಿದೆ, ಅವಳ ಹೆಸರಲ್ಲಿ,
ಕೈ ಇಲ್ಲದ ಹಿಡಿತ.

ಸೇಠರ ಫೋನು ಮೂರನೇ ಸಲ.
ಸೇವೆ ನಿಲ್ಲಿಸಿ ಮತ್ತೆ ಹಚ್ಚಿದೆ.
ಹಚ್ಚಿದ ಮೇಲೆ ತೊಂಬತ್ತು ಸೆಕೆಂಡು
ಹೊಸಬರಿಗೆ ಬಾಗಿಲಿಲ್ಲ. ಹಳಬರು ಬಂದು
ಇದು ನನ್ನದು ಎನ್ನಬಹುದು.
ಬಹಳ ಮರ್ಯಾದೆಯ ನಿಯಮ. ಯಾರು ಬರೆದರೋ.
ಎಣಿಸಿದೆ. ಕೆಳಗೆ ಹಾಥ್‌ಗಾಡಿಯವನು ದಾರಿ ಕೇಳಿ ಕಿರುಚಿದ.
ಎಪ್ಪತ್ತು. ಎಂಬತ್ತು.
ಯಾರೂ ಬರಲಿಲ್ಲ.

ಖಾತೆ ತೆರೆಯಿತು, ನಾಲ್ಕು ಸಾಲು ಕಡಿಮೆ.

ಎಂಟೂ ಇಪ್ಪತ್ತಕ್ಕೆ ಅವಳ ಫೋನು. ಗಾಳಿ, ಬೋಟಿನ ಸದ್ದು.
ಅಯ್ಯೋ, ಸೇವ್ ಮಾಡಿರಲಿಲ್ಲ, ನೀನು ಒಡೆದೆಯಾ?
ಒಡೆದೆ.
ಇರಲಿ, ಬರಕೋ, ನನಗೆ ನೆನಪಿದೆ.
ಬ್ಯಾಡಗಿ ಅರವತ್ತು ಚೀಲ, ಗುಂಟೂರು ನೂರಾ ಹತ್ತು,
ಧನಿಯಾ...
ಗಾಳಿ ನುಂಗಿತು.
ಕೇಳಿಸ್ತಾ?
ಧನಿಯಾ ಎಷ್ಟು, ಇನ್ನೊಮ್ಮೆ ಹೇಳು.