ನೂರಾ ಇಪ್ಪತ್ತೈದಕ್ಕೆ ನೂರಾ ಇಪ್ಪತ್ನಾಲ್ಕು

ಬೆಟಗೇರಿಯ ನಮ್ಮ ಶಾಲೆ, ಮೇ ತಿಂಗಳ ಮಧ್ಯಾಹ್ನ.
ಸ್ಟಾಫ್‌ರೂಮಿನ ಫ್ಯಾನಿಗೆ ಗಾಳಿಗಿಂತ ಸದ್ದು ಹೆಚ್ಚು,
ಆದರೂ ಅಂಕಪಟ್ಟಿಗಳ ಮೇಲೆ ಡಸ್ಟರ್ ಇಟ್ಟಿದ್ದೇನೆ.

ಹೊನ್ನಗುಡಿ ನೀಲಗಂಗಾ:
ಗಣಿತ ನೂರಕ್ಕೆ ತೊಂಬತ್ತಾರು,
ಕನ್ನಡ ನೂರಾ ಇಪ್ಪತ್ತೈದಕ್ಕೆ ನೂರಾ ಇಪ್ಪತ್ನಾಲ್ಕು.
ಕಮತರ ಫಕ್ಕೀರೇಶ:
ಗಣಿತ ಎಂಬತ್ತೆಂಟು,
ಕನ್ನಡ, ಇರಲಿ ಬಿಡಿ, ಪಾಸಾಗಿದ್ದಾನೆ.

ಅವನ ಫಾರ್ಮಿಗೆ ಎರಡು ನಿಮಿಷ.
ಒಂದೇ ಬಾಗಿಲಿನ ಮನೆಯಿಂದ ಹೊರಬಿದ್ದ ಹಾಗೆ
'ವಿಗ್ನಾನ' ಎಂದು ಬರೆದ,
ನನ್ನ ಪೆನ್ನು ಒಯ್ದುಬಿಟ್ಟ.

ಅವಳ ಫಾರ್ಮಿಗೆ ಊರೇ ಕೂಡಿತು.
"ಹಳಗನ್ನಡ ಓದಿದ್ರ ಕಿವಿ ತಂಪಾಗತಾವು,
ಆರ್ಟ್ಸಿಗೇ ಹುಟ್ಯಾಳ್ರಿ," ಕನ್ನಡದ ಮಾಸ್ತರ್ರು.
"ಭಾಷಾ ಚಲೋ ಐತಿ. ಸಾಲ್ಯಾಗ ನೌಕರಿ, ಊರಾಗ ಮನಿ,"
ಹೆಡ್‌ಮಾಸ್ತರ್ರು.
ಮಗ್ಗ ಬಿಟ್ಟು ಬಂದ ಅವ್ವ,
ಸೆರಗಿಗಂಟಿದ ನೂಲೆಳೆ ಬಿಡಿಸುತ್ತ:
"ಯಾವುದರಾಗ ಹೆಚ್ಚು ಬಂದೈತೋ ಅದನ್ನ ಬರೀರಿ."
ಯಾರೂ ಕೆಟ್ಟವರಲ್ಲ.
ಅದೇ ಕಷ್ಟ.

ಇಪ್ಪತ್ತೊಂದು ವರ್ಷ ಕಳೆಯುವ ಲೆಕ್ಕ ಕಲಿಸಿದ್ದೇನೆ.
ಇದು ಯಾವ ಲೆಕ್ಕ? ಅವನಿಂದ ಅವಳನ್ನಲ್ಲ,
ಅವಳಿಂದಲೇ ಅವಳನ್ನು ಕಳೆದು
ಉಳಿದ ಮೂರು ಚಿಲ್ಲರೆ ಕಡೆಗೆ
ದಾರಿ ತೋರಿಸುತ್ತಾರೆ.
ತೊಂಬತ್ತಾರು ದೊಡ್ಡದೋ ಎಂಬತ್ತೆಂಟೋ
ಹೇಳಲು ನಾನು ಬೇಕೆ?
ಮೂರನೇ ಇಯತ್ತೆಯ ಕೂಸು ಸಾಕು.

ಹೋದ ವರ್ಷ ಗೋಡಖಿಂಡಿಯವರ ಸುಹಾಸನಿಗೂ
ಹೆಚ್ಚುಕಡಿಮೆ ಇವೇ ಅಂಕ.
ಅವನ ಕನ್ನಡ ನೋಡಿ ಇದೇ ಸ್ಟಾಫ್‌ರೂಮು ಅಂದಿತ್ತು:
"ಭೇಷ್, ಎಂಜಿನಿಯರ್ ಆದಮ್ಯಾಗ
ಭಾಷಣಾನೂ ಮಾಡತಾನ."

ಹೇಳಿಯೇಬಿಡುತ್ತೇನೆ:
ನಾನು ಗಣಿತಕ್ಕೆ ಬಂದದ್ದು ಪ್ರೀತಿಯಿಂದಲ್ಲ.
ಪ್ರಬಂಧ ಬರೆಯಲು ಬರುತ್ತಿರಲಿಲ್ಲ.
ಬಂದಿದ್ದರೆ ನನ್ನನ್ನೂ
ಹೊಗಳಿ ಹೊಗಳಿ ಬೇರೆ ಕಡೆ ಕಳಿಸುತ್ತಿದ್ದರು.
ಪ್ರೀತಿ ಆಮೇಲೆ ಹುಟ್ಟಿತು,
ಒಂದು ಮಳೆಗಾಲ, ವೃತ್ತದ ಪ್ರಮೇಯವೊಂದರ
ಕೊನೆಯ ಸಾಲಿನಲ್ಲಿ.

ಇಷ್ಟು ಹೊತ್ತೂ ಬೆಂಚಿನ ತುದಿಯಲ್ಲಿ ಕೂತ ಹುಡುಗಿ
ಫಾರ್ಮಿನ ಬೆನ್ನಿಗೆ ಪೆನ್ಸಿಲಿನಿಂದ ಏನೋ ಗೀಚುತ್ತಿದ್ದಳು.
ಕವಿತೆಯೇನೋ ಎಂದು ನಾನೂ ಅಂದುಕೊಂಡೆ
(ನೋಡಿ, ನಾನೂ).
ಬಗ್ಗಿದರೆ, ಹೋದ ನಾಲ್ಕು ಅಂಕದ ಲೆಕ್ಕ.
"ಸಿಕ್ತರಿ ಟೀಚರ್, ತಪ್ಪು" ಅಂದಳು,
"ಕೂಡೋ ಕಡೆ ಕಳದಿದ್ನಿ."

ಹಿರಿಯರೆಲ್ಲ ಗಪ್ಪಾದರು,
ಫ್ಯಾನು ಮಾತ್ರ ಆಗಲಿಲ್ಲ.
ಚೌಕ ಇನ್ನೂ ಖಾಲಿ.
ಪೆನ್ನಿಗಾಗಿ ನೀಲಗಂಗಾ
ಫಕ್ಕೀರೇಶನ ಹಿಂದೆ ಓಡಿದ್ದಾಳೆ.