ಅಂಗಿ ಬಿಚ್ಚುವ ಮರ

ಬೈತಖೋಲ ಬಂದರದಲ್ಲಿ ದೋಣಿಗಳಿಗೆ ಹೆಸರು ಬರೆಯುವವ ನಾನು.
ಉಪ್ಪು ತಿನ್ನದ ಹಾಗೆ ಮೂರು ಕೈ ಬಣ್ಣ,
ಅಕ್ಷರದ ಬಾಲ ಅಲೆಗೆ ಸಿಗದ ಹಾಗೆ ಒಂಚೂರು ಮೇಲಕ್ಕೆ.
ಆ ಮಾಘದಲ್ಲಿ ಅರಣ್ಯ ಇಲಾಖೆಯವರು ಕರೆದು
ಎರಡು ಡಬ್ಬಿ ಹಳದಿ, ಒಂದು ಬ್ರಷ್ಷು,
ದೂರ ಅಳೆಯುವ ಒಂಟಿ ಚಕ್ರ ಕೈಗಿಟ್ಟರು:
ಗುಡ್ಡದ ದಾರಿಗೆ ಬಾಣ ಬರಿ,
ಚಾರಣಕ್ಕೆ ಬಂದವರು ಕಾಡಲ್ಲಿ ತಪ್ಪುತ್ತಾರೆ,
ಕಿಲೋಮೀಟರಿಗೊಂದು ಅಂಕಿ ಹಾಕು.

ಮುಂದೆ ನಡೆದವಳು ಹನಮಿ ಗೌಡ.
ಕುತ್ತಿಗೆ ತುಂಬ ಮಣಿಸರ, ತಲೆ ಮೇಲೆ ಖಾಲಿ ಬುಟ್ಟಿ.
ಕಾರವಾರದ ಪೇಟೆಯಲ್ಲಿ ಹರಿವೆ, ಮೂಲಂಗಿ ಮಾರಿ
ಮೇಲಿನ ಕೇರಿಗೆ ವಾಪಸು ಹೊರಟಿದ್ದಳು.
ನನಗೆ ದಾರಿ ತೋರಿಸಲೆಂದು ಬಂದವಳಲ್ಲ,
ಅವಳ ದಾರಿಯಲ್ಲಿ ನಾನು ಸಿಕ್ಕಿದ್ದೆ, ಅಷ್ಟೆ.

ಚಕ್ರ ಬೇರಿಗೆ ಬೇರಿಗೆ ಎಡವಿ ಕಿರುಗುಟ್ಟಿತು.
ಒಂದನೆಯ ಅಂಕಿ ಬಿದ್ದ ಕಡೆ ಕಲ್ಲೇ ಇರಲಿಲ್ಲ,
ಬರೀ ಗಾಳಿ, ಕೆಳಗೆ ಮುರುಗಲ ಮರದ ತುದಿ.
ಇನ್ನೆಷ್ಟು ದೂರ ಎಂದೆ.
'ಹತ್ತೂಕೆ ಎರಡು ಕವಳ, ಇಳಿಯೂಕೆ ಒಂದು.'
ಹೊರೆ ಇದ್ದರೆ?
'ಹೊರೆ ಇದ್ರೆ ಲೆಕ್ಕ ಯಾರು ಇಡ್ತರು.'

ಮೇಲೆಲ್ಲೋ ಕೆಂಜಳಿಲು ಕಾಯಿ ಸುಲಿದು
ಸಿಪ್ಪೆಯನ್ನು ನೇರ ನನ್ನ ಡಬ್ಬಿಯೊಳಕ್ಕೆ ಹಾಕಿತು.
ಉಂಬಳದ ಕಾಲವಲ್ಲ ಅಂದಿದ್ದರು. ಒಂದು ಬಂತು.
ಒಂದು ತಿರುವಿನಲ್ಲಿ ಅವಳು ಮಾತು ನಿಲ್ಲಿಸಿದಳು.
ಕೆಸರಲ್ಲಿ ಕಾಡುಕೋಣದ ಗೊರಸು,
ಅದರೊಳಗೆ ನೀರು ಇನ್ನೂ ತುಂಬುತ್ತಲೇ ಇತ್ತು.
ಬಣ್ಣದ ವಾಸನೆ ಮುಚ್ಚು ಎಂದು ಕೈ ಮಾಡಿದಳು.
ನಾನು ಮುಚ್ಚಳ ಹುಡುಕುವಷ್ಟರಲ್ಲಿ
ಬಿದಿರು ಹಿಂಡಲು ತಾನಾಗಿ ಅಲುಗಿ ತಾನಾಗಿ ನಿಂತಿತು.
ನಾವು ಉಸಿರು ಬಿಟ್ಟೆವು, ಬೇರೆ ಬೇರೆಯಾಗಿ.

ಹಳ್ಳದ ಹತ್ತಿರ ದಾರಿ ಎರಡಾಗುವಲ್ಲಿ ನಂದಿ ಮರ.
ಕರುವಿನ ಹೊಟ್ಟೆಯಷ್ಟು ನುಣುಪು, ತೆಳುಬಿಳುಪು.
ಬಾಣಕ್ಕೆಂದೇ ಹುಟ್ಟಿದ ಹಾಗಿತ್ತು.
'ಅಲ್ಲಿ ಬರೀಬೇಡವೋ.
ಬೇಸಗೆಲಿ ದಾರಿ ಹೀಂಗೆ.
ಮಳೆ ಹಿಡಿದ ಮೇಲೆ ಹಳ್ಳ ಬಂದು ಇಲ್ಲಿ ಕೂತ್ಕಂತದೆ,
ದಾರಿ ಎದ್ದು ಆಚೆ ಹೋತದೆ.'
ಸಾಹೇಬರು ಎಳೆದ ಕೆಂಪು ಗೆರೆಯ ನಕ್ಷೆ ತೆಗೆದು ತೋರಿಸಿದೆ.
ನೋಡಿದಳು, ತಿರುಗಿಸಿ ನೋಡಿದಳು,
ಅದರಲ್ಲಿ ಸುಣ್ಣ ಕಟ್ಟಬಹುದೇ ಅನ್ನುವ ಹಾಗೆ.
'ಮತ್ತೆ ಅದು ವರ್ಷಾವರ್ಷ ಅಂಗಿ ಬಿಚ್ಚೂ ಮರ.
ನಿನ್ನ ಬಣ್ಣ ಯಾರ ಮೈಗೆ?'
ಹನ್ನೆರಡು ವರ್ಷ ಸಮುದ್ರಕ್ಕೇ ಅಳಿಸಲಾಗದ ಕೈ ಇದು,
ಮನಸ್ಸಿನಲ್ಲಿ ಅಂದುಕೊಂಡೆ.
ಮೊನೆ ಚೂಪು ಮಾಡಿ ಮೂರು ಕೈ ಹಚ್ಚಿದೆ.

ನೆತ್ತಿಯಲ್ಲಿ ಗಾಳಿ ಅವಳ ಬುಟ್ಟಿಯನ್ನು ಎತ್ತಲು ನೋಡಿತು.
ಕೆಳಗೆ ಕಾಳಿ ನದಿ ಕಡಲಿಗೆ ಬಿದ್ದು ಬಣ್ಣ ಬದಲಿಸುತ್ತಿತ್ತು,
ನಡುಗಡ್ಡೆಗಳು ತೋಯಿಸಿಟ್ಟ ಹೆಸರುಕಾಳು.
ನಾನು ಬರೆದ ಹೆಸರುಗಳೆಲ್ಲ ಅಲ್ಲಿ ತೇಲುತ್ತಿದ್ದವು,
ಸಮುದ್ರಲಕ್ಷ್ಮಿ, ಜಲರಾಣಿ, ದಂಡೆ ಮಾಲೀಕರ ಮೊಮ್ಮಕ್ಕಳು.
ಕಣ್ಣು ಕಿರಿದು ಮಾಡಿದೆ.
ಒಂದನ್ನೂ ಓದಲಾಗಲಿಲ್ಲ.
ಅವಳು ಯಾವ ಊರು ನಿಂದು ಎಂದು ಕೇಳಿದಳು.
ಬೆರಳು ಚಾಚಿದೆ, ಬೆರಳೇ ಊರನ್ನು ಮುಚ್ಚಿತು.

ನವರಾತ್ರಿ ಕಳೆದು ಮತ್ತೆ ಹತ್ತಿದೆ.
ಬಿಲ್ಲು ಪಾಸಾಗಲು ಪ್ರತಿ ಬಾಣದ ಫೋಟೋ ಬೇಕಂತೆ.
ಹಳ್ಳದ ಹತ್ತಿರ ಬಂದಾಗ
ದಾರಿ ಇದ್ದ ಕಡೆ ಮೊಣಕಾಲುದ್ದ ನೀರು,
ನೀರಿನಲ್ಲಿ ನಿಂತ ಮರ ಹೊಸ ಮೈ,
ಒಂದು ಹನಿ ಹಳದಿಯಿಲ್ಲ.
ಬುಡದಲ್ಲಿ ಸಿಪ್ಪೆಗಳು, ಹಪ್ಪಳದ ಚೂರಿನ ಹಾಗೆ,
ಅವುಗಳ ಮೇಲೆ ನನ್ನ ಮೂರು ಕೈ ಬಣ್ಣ
ಸ್ವಲ್ಪವೂ ಮಾಸದೆ ಹೊಳೆಯುತ್ತಿತ್ತು.
ಮೊನೆಯಿದ್ದ ತುಂಡು ನನ್ನ ಪಾದವನ್ನೇ ತೋರಿಸುತ್ತಿತ್ತು.

ಫೋಟೋ ತೆಗೆದೆ. ಏನಂತ ಬರೆದು ಕೊಡಲಿ?

ಹಳ್ಳದಾಚೆ ಚಪ್ಪಟೆ ಕಲ್ಲಿನ ಮೇಲೆ
ಕವಳ ಉಗುಳಿದ ಕೆಂಪು, ಇನ್ನೂ ಹಸಿ.
ಅದರಾಚೆಗೆ ಇನ್ನೊಂದು, ಒಣಗಿದ್ದು.
ಚಪ್ಪಲಿ ಕೈಯಲ್ಲಿ ಹಿಡಿದು
ಡಬ್ಬಿಯನ್ನು ತಲೆ ಮೇಲಿಟ್ಟು
ನೀರಿಗಿಳಿದೆ.