ಹದಿಮೂರನೇ ತಿಂಗಳು

ನಮ್ಮ ಅಡಿಸ್ ಅಬಾಬಾದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು.
ಹನ್ನೆರಡಕ್ಕೆ ಮೂವತ್ತು ಮೂವತ್ತು ದಿನ ಹಂಚಿ,
ಪಾತ್ರೆಯ ತಳದಲ್ಲಿ ಉಳಿದ ಐದು ದಿನಕ್ಕೆ
ಪಗುಮೆ ಎಂದು ಹೆಸರಿಟ್ಟಿದ್ದಾರೆ ಹಿರಿಯರು.
ಈ ಸಲ ನಾನು ರಜೆ ಬೇಡಿದ್ದು ಆ ಐದನ್ನೇ.
ಮೂರು ಸಿಕ್ಕಿತು.
ರೋಸ್ಟರ್ ಬರೆಯುವ ತಾಫೆಸ್ಸೆ
ತನ್ನ ಜೇಬಿನಿಂದ ತೆಗೆದವನಂತೆ ಕೊಟ್ಟ.

ನಾನು ಗುಲಾಬಿ ಹೊರುವವಳು.
ಜಿವಾಯ್ ಕೆರೆಯ ಆಸುಪಾಸಲ್ಲಿ ಬೆಳಿಗ್ಗೆ ಕೊಯ್ದದ್ದು,
ಎರಡು ಡಿಗ್ರಿ ಚಳಿಯಲ್ಲಿ ಕಣ್ಣು ಮುಚ್ಚಿಕೊಂಡು
ಬೆನ್ನ ಹಿಂದೆ ತೊಂಬತ್ತು ಟನ್ ಮೊಗ್ಗು.
ಮಬ್ಬು ಹರಿಯುವ ಹೊತ್ತಿಗೆ ಬೆಲ್ಜಿಯಂ ಮುಟ್ಟಿಸಬೇಕು:
ಯಾರದೋ ಮದುವೆಗೆ, ಯಾರದೋ ಗೋರಿಗೆ,
ಮನೆಗೆ ತಡವಾಗಿ ಹೋಗುವ ಯಾವನದೋ ತಪ್ಪೊಪ್ಪಿಗೆಗೆ.
ಹನ್ನೊಂದು ವರ್ಷದಲ್ಲಿ
ಒಂದೇ ಒಂದನ್ನೂ ನಾನು ಮನೆಗೆ ತಂದಿಲ್ಲ.

ಎಷ್ಟು ಗಂಟೆಗೆ ಹಾರುತ್ತೀ ಎಂದರೆ ಏನು ಹೇಳಲಿ?
ಅಡುಗೆಮನೆಯ ಗಡಿಯಾರದಲ್ಲಿ ರಾತ್ರಿ ಎಂಟು;
ಕತ್ತಲಾದ ಮೇಲೆ ಒಂದರಿಂದ ಎಣಿಸುವ ಜನ ನಾವು.
ಕಂಪನಿಯ ಕಾಗದದಲ್ಲಿ ನಡುರಾತ್ರಿ ದಾಟಿ ಎರಡು.
ಕಾಕ್‌ಪಿಟ್ಟಿನಲ್ಲಿ ಇಪ್ಪತ್ತಮೂರು,
ಅದೂ ನಿನ್ನೆಯ ತಾರೀಖಿನದು.
ಮಾಹ್ಲೆಟ್ ಕೇಳುತ್ತಾಳೆ:
"ಹಾಗಾದರೆ ನೀನು ನಿನ್ನೆಯೇ ಹೋಗಿಬಿಟ್ಟಿದ್ದೆಯಾ ಅಮ್ಮಾ?"

ರಜೆಯ ಮೊದಲ ದಿನ ನಿದ್ದೆ.
ಎರಡನೆಯ ದಿನ, ನಿದ್ದೆಯ ಬಾಕಿಗೆ ಬಡ್ಡಿ.
ಗಂಡ ಗೆತಾನೆ ಕಾಫಿ ಬೀಜ ಹುರಿಯುವ ಬಾಣಲೆಯನ್ನು
ಹಿತ್ತಲಿಗೆ ಒಯ್ಯುತ್ತಾನೆ,
ಘಮಕ್ಕೆ ನಾನೆಲ್ಲಿ ಎದ್ದುಬಿಡುತ್ತೇನೋ ಎಂದು.
ಮಗಳು ತುದಿಗಾಲಲ್ಲಿ ನಡೆಯುತ್ತಾಳೆ.
ಏಳು ವರ್ಷಕ್ಕೇ ಎಂಥ ತಿಳಿವಳಿಕೆ ಎಂದು
ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು.
ನಿನ್ನೆ ಗೆತಾನೆ, ಪಾತ್ರೆ ಉಜ್ಜುತ್ತಾ,
ಮುಖ ಈ ಕಡೆ ತಿರುಗಿಸದೆ ಹೇಳಿದ:
"ನೀನು ಇಲ್ಲದಾಗಲೂ ಹಾಗೇ ನಡೆಯುತ್ತಾಳೆ."

ಇವತ್ತು ಮೂರನೇ ದಿನ. ಅವಳ ಕೋಣೆಯ ಬಾಗಿಲ ಹಿಡಿಗೆ
ಕೆಂಪು ಚೀಟಿ ತೂಗುತ್ತಿದೆ.
ಲಿಯೆಜ್‌ನ ಹೋಟೆಲಿನದು, ಎಂದೋ ನನ್ನ ಚೀಲದಲ್ಲಿ ಬಂದದ್ದು:
ಒಳಗೆ ಮಲಗಿದ್ದಾರೆ, ಕರೆಯಬೇಡಿ.
ಫ್ರೆಂಚ್ ಅವಳಿಗೆ ಬಾರದು. ಅರ್ಥ ಮಾತ್ರ ಚೆನ್ನಾಗಿ ಗೊತ್ತು.
ತಟ್ಟಲೋ ಬೇಡವೋ ಎಂದು ನಿಂತೆ.
ಬಿರುಗಾಳಿಗೆ ಅಡ್ಡಡ್ಡ ಇಳಿಸುವಾಗಲೂ
ಕೈ ಹೀಗೆ ಅನುಮಾನಿಸಿರಲಿಲ್ಲ.

ಅಷ್ಟರಲ್ಲಿ ತಗಡಿನ ಮಾಡಿನ ಮೇಲೆ ಮಳೆ.
ಪಗುಮೆ ಮೂರರ ಮಳೆ, ರುಫಾಯೆಲ್ ದೇವದೂತನ ಮಳೆ;
ಈ ಒಂದು ದಿನ ನೆನೆದವರಿಗೆ ಬೈಗುಳವಿಲ್ಲ, ಪುಣ್ಯ.
ಬೀದಿಯ ಮಕ್ಕಳೆಲ್ಲ ಆಗಲೇ ಕೇಕೆ ಹಾಕುತ್ತಿದ್ದರು.
ಬಾಗಿಲು ತಾನಾಗಿ ತೆರೆಯಿತು.
ಎದುರಿಗೇ ನಿಂತ ನನ್ನನ್ನು ದಾಟಿ,
ನನ್ನ ಹೆಗಲಾಚೆಯ ಅಪ್ಪನನ್ನು ಕೇಳಿದಳು, ಪಿಸುಮಾತಲ್ಲಿ:
"ಅಮ್ಮ ಎದ್ದಿದ್ದಾಳಾ?"

ಉತ್ತರ ಹೇಳಲಿಲ್ಲ. ಕೈ ಹಿಡಿದು ಅಂಗಳಕ್ಕೆ ಎಳೆದೆ.
ನೆತ್ತಿಯ ಮೇಲೆ ಪರಿಚಯದ ಮೋಡ.
ರೇಡಾರಿನಲ್ಲಿ ಕೆಂಪಗೆ ಕಂಡರೆ
ಇಪ್ಪತ್ತು ಮೈಲಿ ಆಚೆಯಿಂದ ಬಳಸಿ ಹೋಗುತ್ತೇನೆ,
ಅನುಮತಿ ಕೇಳಿ, ಇಂಧನ ಸುಟ್ಟು.
ಅದರ ಕೆಳಗೂ ಒಂದು ಜಾಗವಿರುತ್ತದೆ ಎಂಬುದು
ಮರೆತೇ ಹೋಗಿತ್ತು.
ಮಾಹ್ಲೆಟ್ ಬಾಯಿ ತೆರೆದಳು. ಮೊದಲು ನೀರು ಕುಡಿದಳು.
ಆಮೇಲೆ ಕಿರುಚಿದಳು,
ಪಕ್ಕದ ಮನೆಯ ಮುದುಕಿ ಕಿಟಕಿ ತೆಗೆದು ನೋಡುವಷ್ಟು.
"ಇನ್ನೂ ಜೋರಾಗಿ" ಎಂದೆ.

ಗೆತಾನೆ ಓಡಿ ಬಂದ, ತಂತಿಯ ಮೇಲೆ ನೆನೆಯುತ್ತಿದ್ದ
ನನ್ನ ಬಿಳಿ ಅಂಗಿ ಎಳೆದುಕೊಳ್ಳಲು.
ರಾತ್ರಿ ಐದಕ್ಕೆ ಕಾರು; ಅಷ್ಟರಲ್ಲಿ ಒಣಗಬೇಕು.
ಎಳೆದುಕೊಂಡ. ಎರಡು ಹೆಜ್ಜೆ ಒಳಗಿಟ್ಟ.
ಮತ್ತೆ ಏನನ್ನಿಸಿತೋ, ತಿರುಗಿ ಬಂದು
ಅದನ್ನೇ ತಲೆಗೆ ಹೊದ್ದುಕೊಂಡು
ನಮ್ಮ ಪಕ್ಕದಲ್ಲಿ ನಿಂತ.